ಮಾಸ್ತರರ ಕರೆಂಟ್ ಪೇಟಿ

ನನಗೆ ಕೀಬೋರ್ಡ್ ಕಲಿಸಿದವರು ಸದಲಗಾದ ಒಂದು ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವ ಕೆಲಸದಲ್ಲಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ನಿಪ್ಪಾಣಿಯಿಂದ ಅಥಣಿಯವರೆಗೆ ಹಾಡುವವರು, ಬಾರಿಸುವವರು ಎಲ್ಲರೂ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಸಂಜೆ ಡೈರಿ, ನಡುವಿನ ಹೊತ್ತೆಲ್ಲ ಪೇಟಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ಅವರ ಮನೆಯಲ್ಲಿ ಎರಡು ಪೇಟಿಗಳಿದ್ದವು. ಒಂದು ಗಾಳಿಯದು, ಇನ್ನೊಂದು ಕರೆಂಟಿನದು.

ಕರೆಂಟ್ ಪೇಟಿ ಎಂದರೆ ಹಳೆಯ ಕಾಲದ ಒಂದು ಸಿಂಥಸೈಜರ್. ಈಗಿನ ಕೀಬೋರ್ಡುಗಳಲ್ಲಿ ಇರುವಂತೆ ಅದರೊಳಗೆ ಯಾರೋ ತುಂಬಿಟ್ಟ ಧ್ವನಿಗಳಿರಲಿಲ್ಲ. ಗುಂಡಿ ತಿರುವುತ್ತ ಕೊಳಲಿನಂಥದ್ದೋ ಪಿಟೀಲಿನಂಥದ್ದೋ ನಾವೇ ಕಟ್ಟಿಕೊಳ್ಳಬೇಕು. ಎರಡೂ ಬದಿಗೆ ಕಟ್ಟಿಗೆಯ ಹಲಗೆ, ನಡುವೆ ಸಾಲುಸಾಲು ಗುಂಡಿ, ಒಬ್ಬನಿಂದ ಎತ್ತಲಾಗದಷ್ಟು ಭಾರ. ಕೊಲ್ಹಾಪುರದ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅದು ಇತ್ತು. ಮಾಸ್ತರರು ಹರೆಯದಲ್ಲಿ ರಜೆ ಹಾಕಿ ಅಲ್ಲಿ ಕ್ಯಾಸೆಟ್ಟುಗಳಿಗೆ ಬಾರಿಸಲು ಹೋಗುತ್ತಿದ್ದರು. ಸ್ಟುಡಿಯೋ ಮುಚ್ಚುವಾಗ ಅದರ ಮಾಲೀಕ, ಇದನ್ನು ಬಾರಿಸಲು ಬರುವುದು ನಿಮಗೊಬ್ಬರಿಗೇ, ಒಯ್ಯಿರಿ ಎಂದು ಕೊಟ್ಟನಂತೆ. ಹಾಲಿನ ವ್ಯಾನಿನಲ್ಲಿ ಖಾಲಿ ಕ್ಯಾನುಗಳ ನಡುವೆ ಕೌದಿ ಹಾಸಿ ಅದನ್ನು ಸದಲಗಾಕ್ಕೆ ತಂದರು.

ನಾನು ಶಿರಗುಪ್ಪಿಯವನು, ಕಬ್ಬಿನ ಹೊಲ ಇದ್ದವರ ಮನೆತನ. ಅವರದು ಬೌದ್ಧರ ಮನೆ. ಮೊದಮೊದಲು ಅವರೇ ನಮ್ಮೂರಿಗೆ ಬಂದು ಕಲಿಸುತ್ತಿದ್ದರು. ನಮ್ಮವ್ವ ಅವರಿಗೆ ಚಹಾ ಕೊಡುವ ಲೋಟ ಬೇರೆ ಇತ್ತು. ಕುಡಿದಾದ ಮೇಲೆ ಅವರು ತಾವೇ ಅದನ್ನು ನಳದ ಕೆಳಗೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಬರುತ್ತಿದ್ದರು. ನನಗಾಗ ಹದಿನೇಳು. ನೋಡಿಯೂ ಸುಮ್ಮನಿದ್ದೆ. ಮುಂದೆ ನಾನೇ ಅವರ ಮನೆಗೆ ಹೋಗತೊಡಗಿದೆ, ಅವರ ಹೆಂಡತಿ, ಅಂದರೆ ನಮ್ಮ ಕಾಕು, ಬಡಿಸಿದ್ದನ್ನು ಅವರ ಪಕ್ಕದಲ್ಲೇ ಕೂತು ಉಂಡೆ. ಅದರಿಂದ ಮೊದಲಿನದು ತೀರಿತು ಎಂದುಕೊಂಡಿದ್ದೆ.

ಕಲಿತ ಮೇಲೆ ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾದೆ. ರಜೆಯ ದಿನ ಅವರೊಡನೆ ಆರ್ಕೆಸ್ಟ್ರಾಕ್ಕೆ ಹೋಗುತ್ತಿದ್ದೆ. ನಿಪ್ಪಾಣಿಯ ಒಬ್ಬ ಗಾಯಕ ಅದನ್ನು ನಡೆಸುತ್ತಿದ್ದ. ಮದುವೆ, ಕಾರ್ಖಾನೆಯ ಪೂಜೆ, ಏಪ್ರಿಲ್ ಬಂತೆಂದರೆ ಊರೂರಿನ ಜಯಂತಿ ಕಾರ್ಯಕ್ರಮಗಳು. ಅರ್ಧ ಹಾಡು ಕನ್ನಡ, ಅರ್ಧ ಮರಾಠಿ. ಮುಖ್ಯ ಕುರ್ಚಿ ಮಾಸ್ತರರದು, ಅವರ ಮುಂದೆ ಕರೆಂಟ್ ಪೇಟಿ. ಪಕ್ಕದಲ್ಲಿ ನನ್ನ ಸಣ್ಣ ಕೀಬೋರ್ಡು.

ಆ ಪೇಟಿಗೆ ಒಂದು ಸ್ವಭಾವವಿತ್ತು. ಸ್ವಿಚ್ಚು ಹಚ್ಚಿ ಅರ್ಧ ತಾಸು ಬಿಟ್ಟು ಅದು ಬೆಚ್ಚಗಾದ ಮೇಲೆಯೇ ಶ್ರುತಿ ನಿಲ್ಲುತ್ತಿತ್ತು. ಬಿಸಿಲು ಹೆಚ್ಚಾದರೆ ಮತ್ತೆ ಸರಿಯುತ್ತಿತ್ತು. ಹಾಡಿನ ನಡುವೆಯೇ ಮಾಸ್ತರರು ಎಡಗೈಯಿಂದ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುವಿ ಸರಿಮಾಡುತ್ತಿದ್ದರು. ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಮಾತ್ರ ಆ ಕೈ ತಡವಾಗತೊಡಗಿತು. ಅದನ್ನು ಮೊದಲು ಗಮನಿಸಿದವನು ನಾನೇ.

ಅಥಣಿಯ ಒಂದು ಮದುವೆಯಲ್ಲಿ ಆದದ್ದು ನೆನಪಿದೆ. ಅಕ್ಷತೆ ಮುಗಿದು ಊಟ ನಡೆದಿತ್ತು. ತಗಡಿನ ಮಂಟಪ, ಮೇಲೆ ಏಪ್ರಿಲ್ ಬಿಸಿಲು. ಎರಡನೆಯ ಹಾಡಿಗೇ ಪೇಟಿಯ ಶ್ರುತಿ ಏರಿತು. ಮಾಸ್ತರರು ತಿರುವಿದರು, ಅದು ಬೇಕಾದ್ದಕ್ಕಿಂತ ಕೆಳಗೆ ಇಳಿಯಿತು. ಗಾಯಕ ಹಾಡು ನಿಲ್ಲಿಸಿ, ನನ್ನ ಕಡೆ ಕೈ ಮಾಡಿ ಮೈಕಿನಲ್ಲೇ ಹೇಳಿದ, “ಮಾಸ್ತರ, ಪೇಟಿ ಬಂದ್ ಮಾಡ್ರಿ. ತಮ್ಮ ಒಬ್ಬನ ಬಾರಿಸಲಿ.”

ಮಾಸ್ತರರು ಸ್ವಿಚ್ಚು ತೆಗೆದರು. ಮುಂದಿನ ಎರಡು ತಾಸು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಮೇಲೆಯೇ ಕೂತಿದ್ದರು. ಎದ್ದು ಹೋಗಿದ್ದರೆ ನನಗೆ ಬಾರಿಸುವುದು ಹಗುರವಾಗುತ್ತಿತ್ತು.

ಅದೇ ವಾರ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಶಾಲೆಯ ಆನ್‌ಲೈನ್ ಪಾಠಕ್ಕೆಂದು ತಗೊಂಡಿದ್ದ ಲ್ಯಾಪ್‌ಟಾಪು ಅದು. ಹಳೆಯ ಸಿಂಥಸೈಜರುಗಳನ್ನು ಈಗ ಹಾಗೆಯೇ ಕಂಪ್ಯೂಟರಿನಲ್ಲಿ ಮತ್ತೆ ಮಾಡಿದ್ದಾರೆ ಎಂದು ಯಾರೋ ಹೇಳಿದ್ದರು. ತೆರೆದರೆ ಮಾಸ್ತರರ ಪೇಟಿಯೇ ಪರದೆಯ ಮೇಲೆ ಬಂತು. ಅದೇ ಹಲಗೆ, ಅದೇ ಗುಂಡಿಗಳ ಸಾಲು. ಹಲಗೆಯ ಮೇಲೆ ಗೀಚಿದ ಗುರುತುಗಳನ್ನೂ ಬರೆದಿದ್ದರು. ಮೂಲೆಯಲ್ಲಿ ಒಂದು ಹೆಚ್ಚಿನ ಗುಂಡಿ ಇತ್ತು, ವಯಸ್ಸು ಎಂಬ ಅರ್ಥದ್ದು. ಅದನ್ನು ತಿರುವಿದಷ್ಟೂ ಧ್ವನಿ ಹಳೆಯದಾಗುತ್ತದೆ, ಸ್ವರಗಳು ಒಂದಕ್ಕೊಂದು ಸ್ವಲ್ಪ ಸರಿಯುತ್ತವೆ. ನಾನು ಅದನ್ನು ಸೊನ್ನೆಗೇ ಬಿಟ್ಟೆ.

ಮಾಸ್ತರರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಧ್ವನಿ ಕೇಳಿಸಲು ಬಿಡಲಿಲ್ಲ.

“ಇದು ಪುಡಿ ಹಾಲು ತಮ್ಮಾ,” ಎಂದರು. “ನೀರ ಹಾಕಿ ಕಲಿಸಿದ್ರ ಬೆಳ್ಳಗ ಆಗತೈತಿ. ಎಮ್ಮಿ ಹಾಲ ಆಗೂದಿಲ್ಲ.”

“ಕೇಳಿದ್ರ ಗೊತ್ತಾಗೂದಿಲ್ಲರಿ ಮಾಸ್ತರ.”

“ನನಗ ಗೊತ್ತಾಗತೈತಿ.”

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಗಾಯಕ ನಿಲ್ಲಿಸಲಿಲ್ಲ, ಏಕೆಂದರೆ ಮುಂದೆ ರಾಯಬಾಗದಲ್ಲಿ ದೊಡ್ಡ ಕಾರ್ಯಕ್ರಮವಿತ್ತು, ಅವನಿಗೆ ಪೇಟಿ ಬೇಡವಾಗಿತ್ತು. ನಾನೂ ನಿಲ್ಲಿಸಲಿಲ್ಲ. ಒಂದು ರವಿವಾರ ಮಧ್ಯಾಹ್ನ ನಾವಿಬ್ಬರೂ ಸದಲಗಾಕ್ಕೆ ಹೋದೆವು. ಮಾಸ್ತರರು ಗೋಡೆಗೆ ಮುಖ ಮಾಡಿ ಕೂರಬೇಕು, ನಾನು ಹಿಂದೆ ಕೂತು ಒಮ್ಮೆ ಪೇಟಿ, ಒಮ್ಮೆ ನನ್ನ ಸಣ್ಣ ಕೀಬೋರ್ಡಿಗೆ ಜೋಡಿಸಿದ ಲ್ಯಾಪ್‌ಟಾಪು ಬಾರಿಸಬೇಕು, ಎರಡೂ ಒಂದೇ ಸ್ಪೀಕರಿನಲ್ಲಿ. ಯಾವುದು ಯಾವುದೆಂದು ಅವರು ಹೇಳಬೇಕು. ಈ ಪರೀಕ್ಷೆಯ ವಿಚಾರ ನನ್ನದು. ಮಾಸ್ತರರು ಖುಷಿಯಿಂದಲೇ ಒಪ್ಪಿದರು. ಬಾಯಿಗೆ ಹಚ್ಚದೆ, ಬರೇ ವಾಸನೆಗೆ, ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯುತ್ತಿದ್ದವರು ಅವರು.

ಕಾಕು ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು. ಪೇಟಿಯನ್ನು ಅರ್ಧ ತಾಸು ಬೆಚ್ಚಗಾಗಲು ಬಿಟ್ಟೆವು. ಮಾಸ್ತರರೇ ಎದ್ದು ಬಂದು ಶ್ರುತಿ ನೋಡಿ, ಗುಂಡಿಗಳನ್ನೆಲ್ಲ ತಮ್ಮ ಇಷ್ಟದ ಧ್ವನಿಗೆ ಹಚ್ಚಿ, ಹೋಗಿ ಗೋಡೆಗೆ ಮುಖ ಮಾಡಿ ಕೂತರು.

ಮೊದಲು ಪೇಟಿ ಬಾರಿಸಿದೆ. ಆಮೇಲೆ ಅದೇ ನಾಲ್ಕು ಸಾಲನ್ನು ಲ್ಯಾಪ್‌ಟಾಪಿನಲ್ಲಿ. ಮಾಸ್ತರರು ತಲೆದೂಗಿದರು.

“ಎರಡನೇದ್ದು ನಂದು,” ಎಂದರು.

ಗಾಯಕ ನನ್ನ ಮುಖ ನೋಡಿದ. ನಾನು ಮತ್ತೊಮ್ಮೆ ಬಾರಿಸಿದೆ, ಈ ಸಲ ಲ್ಯಾಪ್‌ಟಾಪು ಮೊದಲು.

“ಈಗ ಮೊದಲನೇದ್ದು ನಂದು. ಎರಡನೇದ್ದರಾಗ ಜೀವ ಇಲ್ಲ ತಮ್ಮಾ. ಕಂಬಳಿ ಹೊಚ್ಚಿದಂಗ ಐತಿ.”

ಮೂರನೆಯ ಸಲವೂ ಹಾಗೆಯೇ ಆಯಿತು. ಅವರು ತಮ್ಮ ಮಾತಿನಲ್ಲಿ ಎಷ್ಟು ಗಟ್ಟಿಯಿದ್ದರೆಂದರೆ, ತಿರುಗಿ ಕೂಡುವಾಗ ಮುಖದ ಮೇಲೆ ನಗೆ ಇತ್ತು. ಕಾಕು ಕೂಡ ನಗುತ್ತಿದ್ದರು.

ಆಗ ನಾನು ಸುಳ್ಳು ಹೇಳಬಹುದಿತ್ತು. ಹೌದ್ರಿ ಮಾಸ್ತರ ಎಂದಿದ್ದರೆ ಸಾಕಿತ್ತು. ಗಾಯಕನನ್ನು ಹೊರಗೆ ಕರೆದು ಬಾಯಿ ಮುಚ್ಚಿಸುವುದೂ ಕಷ್ಟವಿರಲಿಲ್ಲ. ಆದರೆ ನನಗೆ ಗೆದ್ದ ಸಂತೋಷ ಬಂದುಬಿಟ್ಟಿತ್ತು. ಅದನ್ನು ಈಗ ಬಚ್ಚಿಡುವುದಿಲ್ಲ.

“ಮಾಸ್ತರ, ನೀವು ನಿಮ್ಮದು ಅಂದಿದ್ದು ಲ್ಯಾಪ್‌ಟಾಪರಿ. ಮೂರೂ ಸಲ,” ಎಂದೆ.

ಅವರು ಪೇಟಿಯ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. “ಕಂಬಳಿ ಹೊಚ್ಚಿದಂಗ ಅಂದ್ನೆಲ್ಲ, ಅದು ಯಾವುದು?”

“ಪೇಟಿರಿ.”

ಗಾಯಕ ಎದ್ದು ನಿಂತು, “ಆತಲ್ಲರಿ, ಇನ್ನ ರಾಯಬಾಗಕ್ಕ ಲ್ಯಾಪ್‌ಟಾಪ್ ತರೂಣು,” ಎಂದ. ಕಾಕು ಒಳಗೆ ಹೋದರು. ಮಾಸ್ತರರು ಸ್ವಿಚ್ಚು ತೆಗೆದು, ಪೇಟಿಯ ಮೇಲೆ ಹೊದಿಸುವ ಹಳೆಯ ಧೋತರದ ತುಂಡನ್ನು ನಾಲ್ಕೂ ಅಂಚು ಎಳೆದು ಹೊದಿಸಿದರು. ನಾನು ಹೊರಡುವಾಗ ಹಾಲು ಹಾಕುವವರು ಬರುವ ಹೊತ್ತಾಯಿತು ಎಂದಷ್ಟೇ ಹೇಳಿದರು. ಇನ್ನೂ ಮೂರು ಗಂಟೆ ಆಗಿರಲಿಲ್ಲ.

ರಾಯಬಾಗಕ್ಕೆ ಅವರು ಬರಲಿಲ್ಲ. ಬಿ.ಪಿ. ಹೆಚ್ಚಾಗಿದೆ ಎಂದು ಫೋನಿನಲ್ಲಿ ಹೇಳಿದರು. ಮುಂದೆ ಯಾವುದಕ್ಕೂ ಬರಲಿಲ್ಲ. ಮುಖ್ಯ ಕುರ್ಚಿ ನನಗೆ ಬಂತು. ಯಾರೂ ಕೊಡಲಿಲ್ಲ, ಅದು ಖಾಲಿ ಇತ್ತು, ನಾನು ಕೂತೆ.

ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಮೀರಜಿಗೆ ಹೋಗಿದ್ದೆ. ಅಲ್ಲಿ ಹಳೆಯ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವವರೊಬ್ಬರಿದ್ದಾರೆ. ಮಾಸ್ತರರ ಪೇಟಿಯನ್ನು ಎರಡು ಸಲ ಬಿಚ್ಚಿದವರು ಅವರೇ. ಪರೀಕ್ಷೆಯ ಸಂಗತಿ ಹೇಳಿದೆ. ಅವರು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಆ ಪೇಟಿಯೊಳಗಿನ ಬಿಡಿ ಭಾಗಗಳು ವರ್ಷದಿಂದ ವರ್ಷಕ್ಕೆ ಒಣಗಿವೆ. ಕೆಲವಕ್ಕೆ ಬದಲಿ ಸಿಗದೆ ತಾವೇ ಬೇರೆ ಯಾವುದೋ ಹಾಕಿದ್ದಾರೆ. ಧ್ವನಿ ಮಬ್ಬಾಗಿದೆ, ಆದರೆ ದಿನಾ ಕೇಳುವವನಿಗೆ ಅದು ತಿಳಿಯುವುದಿಲ್ಲ. ಸಾಫ್ಟ್‌ವೇರ್ ಮಾಡುವವರು ಎಲ್ಲೋ ಒಳ್ಳೆಯ ಸ್ಥಿತಿಯಲ್ಲಿ ಉಳಿದ ಪೇಟಿಯೊಂದನ್ನು ಹಿಡಿದು ಅಳೆದು ಮಾಡಿರುತ್ತಾರೆ. ಹಾಗಾಗಿ ನಿಮ್ಮ ಮಾಸ್ತರರು ಗುರುತಿಸಿದ್ದು ತಪ್ಪಲ್ಲ, ಅವರು ಹರೆಯದಲ್ಲಿ ಸ್ಟುಡಿಯೋದಲ್ಲಿ ಕೇಳಿದ ಧ್ವನಿಯನ್ನೇ ಗುರುತಿಸಿದ್ದಾರೆ, ಅವರ ಕಿವಿ ಚೆನ್ನಾಗಿದೆ ಎಂದರು.

ನನಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಕಾಗವಾಡದಲ್ಲಿ ಬಸ್ಸು ಬದಲಿಸಿ ನೇರ ಸದಲಗಾಕ್ಕೆ ಹೋದೆ. ಮಾಸ್ತರರು ಡೈರಿಯಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಟವೆಲಿನಿಂದ ಕಾಲು ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು.

“ನಾ ದಿನಾ ಅದರ ಮುಂದ ಕುಂದ್ರತಿದ್ದೆ,” ಎಂದರು. “ಅದು ಹಾಳಾಗಕತ್ತಿದ್ದು ನನಗ ತಿಳಿಲಿಲ್ಲ. ಜನಾ ಸುಮ್ಮನ ಕೇಳತಿದ್ರು. ನೀನೂ ಮಗ್ಗಲದಾಗ ಕುಂತು ಕೇಳತಿದ್ದಿ. ಇದನ್ನ ಚಲೋ ಸುದ್ದಿ ಅಂತ ಹೇಳಾಕ ಬಂದಿ ಏನ?”

ಕಾಕು ಮಜ್ಜಿಗೆ ತಂದಿಟ್ಟರು. ಕುಡಿದು ಎದ್ದೆ.

ಮುಂದಿನ ಮಳೆಗಾಲ ದೂಧಗಂಗೆಗೆ ಮಹಾಪೂರ ಬಂತು. ಹೊಳೆಯ ಕಡೆಯ ಓಣಿಗಳಿಗೆ ನೀರು ನುಗ್ಗಿತು, ಮಾಸ್ತರರ ಓಣಿಗೂ. ನೀರು ಏರಲು ಒಂದು ಇಡೀ ದಿನ ಹಿಡಿಯಿತು, ಆದ್ದರಿಂದ ಜನರಿಗೆ ಸಾಮಾನು ಎತ್ತಿಡಲು ಹೊತ್ತು ಸಿಕ್ಕಿತ್ತು. ನೀರು ಇಳಿದು ರಸ್ತೆ ಬಿಟ್ಟ ಕೂಡಲೇ ನಾನು ಹೋದೆ. ಮನೆಯ ಗೋಡೆಗೆ ಎದೆಯ ಮಟ್ಟಕ್ಕೆ ಕೆಸರಿನ ಗೆರೆ. ಅಟ್ಟದ ಮೇಲಿಂದ ಮಾಸ್ತರರೂ ಕಾಕುವೂ ಒಂದೊಂದೇ ಇಳಿಸುತ್ತಿದ್ದರು. ಜೋಳದ ಚೀಲ, ಹೊಲಿಗೆ ಮಷಿನ್, ಟಿ.ವಿ., ಹಾಸಿಗೆಗಳು, ಗಾಳಿಯ ಪೇಟಿ. ಕರೆಂಟ್ ಪೇಟಿ ಮಾತ್ರ ತನ್ನ ಸ್ಟ್ಯಾಂಡಿನ ಮೇಲೆ ಇದ್ದಲ್ಲೇ ಇತ್ತು. ಧೋತರದ ತುಂಡು ಒದ್ದೆಯಾಗಿ ಅಂಟಿಕೊಂಡಿತ್ತು. ತೆಗೆದು ನೋಡಿದೆ. ಪೇಟಿಯ ಕಪ್ಪು ಬಿಳಿ ಮನೆಗಳ ಸಂದಿನಲ್ಲಿ ಕೆಸರು ತುಂಬಿತ್ತು, ಬದಿಯ ಹಲಗೆ ಉಬ್ಬಿ ಬಿಟ್ಟಿತ್ತು.

“ಇದನ್ನ ಯಾಕ ಎತ್ತಲಿಲ್ಲರಿ ಮಾಸ್ತರ?”

“ಜಾಗಾ ಇರಲಿಲ್ಲ ತಮ್ಮಾ.”

ಕಾಕು ಅಟ್ಟದ ಏಣಿಯ ಮೇಲೆ ನಿಂತಿದ್ದವರು ನನ್ನನ್ನೊಮ್ಮೆ ನೋಡಿ ಮುಖ ತಿರುಗಿಸಿದರು. ಅಟ್ಟದ ಅರ್ಧ ಜಾಗದಲ್ಲಿ ಏನನ್ನೂ ಇಟ್ಟೇ ಇರಲಿಲ್ಲ, ಅಲ್ಲಿಯ ಜೇಡರ ಬಲೆ ಹರಿಯದೆ ಇದ್ದದ್ದು ಕೆಳಗಿನಿಂದಲೇ ಕಾಣುತ್ತಿತ್ತು.

ನಾನು ಅದನ್ನು ಗಾಡಿಯಲ್ಲಿ ಹಾಕಿಸಿ ಮೀರಜಿಗೆ ಒಯ್ದೆ. ರಿಪೇರಿಯವರು ಬಿಚ್ಚಿ ನೋಡಿ, ಒಳಗಿನ ತಾಮ್ರದ ಪಟ್ಟಿಗಳೆಲ್ಲ ಹಸಿರು ಹಿಡಿದಿವೆ, ಬೇರೆ ಪೇಟಿಗೆ ಬಿಡಿ ಭಾಗವಾಗಿ ನಾಲ್ಕಾರು ಉಪಯೋಗಕ್ಕೆ ಬಂದರೆ ಬರಬಹುದು ಎಂದರು. ಅಲ್ಲೇ ಬಿಟ್ಟು ಬಂದೆ. ಮಾಸ್ತರರಿಗೆ ಹೇಳಿದಾಗ, “ಚಲೋ ಆತು,” ಎಂದರು.

ಈಗ ಎಲ್ಲ ಕಾರ್ಯಕ್ರಮಕ್ಕೂ ಲ್ಯಾಪ್‌ಟಾಪೇ. ತಗಡಿನ ಮಂಟಪದಲ್ಲೂ ಶ್ರುತಿ ಕದಲುವುದಿಲ್ಲ, ಬ್ಯಾಗಿನಲ್ಲಿ ಹಾಕಿ ಬೈಕಿನ ಮೇಲೆ ಒಯ್ಯಬಹುದು. ಮನೆಯಲ್ಲಿ ಒಬ್ಬನೇ ಇದ್ದಾಗ ಮೂಲೆಯ ಆ ವಯಸ್ಸಿನ ಗುಂಡಿಯನ್ನು ಸ್ವಲ್ಪಸ್ವಲ್ಪವೇ ತಿರುವಿ ನೋಡಿದ್ದೇನೆ. ಧ್ವನಿ ಹಳೆಯದಾಗುತ್ತದೆ, ಮಬ್ಬಾಗುತ್ತದೆ, ಸ್ವರಗಳು ಸರಿಯುತ್ತವೆ. ಆದರೆ ಅದು ಯಾರದೋ ಪೇಟಿ ಹಳೆಯದಾದಂತೆ ಕೇಳುತ್ತದೆ. ಮಾಸ್ತರರದು ಹಾಗೆ ಹಳೆಯದಾಗಿರಲಿಲ್ಲ. ಅವರ ಪೇಟಿಯ ಧ್ವನಿಯನ್ನು ಒಮ್ಮೆಯೂ ರೆಕಾರ್ಡ್ ಮಾಡಿಟ್ಟುಕೊಳ್ಳಲಿಲ್ಲ. ಪರೀಕ್ಷೆಯ ದಿನ ಫೋನು ಕಿಸೆಯಲ್ಲೇ ಇತ್ತು.

ಮಾಸ್ತರರು ನಿವೃತ್ತರಾಗಿದ್ದಾರೆ. ರವಿವಾರ ಬೆಳಿಗ್ಗೆ ಬುದ್ಧ ವಿಹಾರದಲ್ಲಿ ವಂದನೆಗೆ ಗಾಳಿಯ ಪೇಟಿ ಹಿಡಿಯುತ್ತಾರೆ. ಎರಡು ಮೂರು ತಿಂಗಳಿಗೊಮ್ಮೆ ಹೋಗಿ ಹಿಂದಿನ ಚಾಪೆಯ ಮೇಲೆ ಕೂತು ಬರುತ್ತೇನೆ. ಮುಗಿದ ಮೇಲೆ ಅವರು ನನ್ನ ಶಾಲೆ ಹೇಗೆ ನಡೆದಿದೆ, ಹತ್ತನೆಯ ಇಯತ್ತೆಯ ರಿಜಲ್ಟು ಎಷ್ಟು ಎಂದು ಕೇಳುತ್ತಾರೆ. ಕಾರ್ಯಕ್ರಮಗಳ ಬಗ್ಗೆ ಕೇಳುವುದಿಲ್ಲ. ಹೋದ ಸಲ ವಿಹಾರದ ಮೆಟ್ಟಿಲು ಇಳಿಯುವಾಗ ಅವರ ಕೈ ಹಿಡಿಯಲು ಹೋದೆ. ಬ್ಯಾಡ, ನಾ ಇಳೀತೀನಿ ಎಂದು ಗೋಡೆ ಹಿಡಿದುಕೊಂಡು ಒಬ್ಬರೇ ಇಳಿದರು.