ಎಲುಬು ಕೊಡಲು ಹೊರಟದ್ದು

ನನ್ನ ದವಡೆಹಲ್ಲು ಸೀಳಿದ್ದು ಸೋಡಾ ಬಾಟಲಿಯ ಮುಚ್ಚಳವನ್ನು ಬಾಯಿಯಿಂದ ತೆಗೆಯಲು ಹೋಗಿ. ಓಪನರ್ ಮೇಜಿನ ಮೇಲೆಯೇ ಇತ್ತು. ತಂಗಿಯ ಮಗಳ ಮದುವೆಯಲ್ಲಿ ಗಂಡಿನ ಕಡೆಯವರೆದುರು ನನ್ನ ಹಲ್ಲಿನ ಗಟ್ಟಿತನ ತೋರಿಸುವ ಆಸೆ. ಮುಚ್ಚಳಕ್ಕೆ ಏನೂ ಆಗಲಿಲ್ಲ.

ಲವಂಗ ಕಚ್ಚಿಕೊಂಡೇ ಬಹಳ ದಿನ ದೂಡಿದೆ. ಕೆನ್ನೆ ಊದಿದ ಮೇಲೆ ಮೂಡುಬಿದಿರೆಯ ದಂತವೈದ್ಯೆಯ ಬಳಿ ಹೋದೆ. ಅವರು ಎಕ್ಸ್-ರೇ ನೋಡಿ, "ಮೊದಲು ಕೀವು ಹೋಗ್ಲಿಕ್ಕೆ ಮಾತ್ರೆ ಕೊಡ್ತೇನೆ. ಮತ್ತೆ ಹಲ್ಲು ತೆಗೆಯುವ. ಒಳಗೆ ಎಲುಬು ಸಹ ಕರಗಿದೆ. ಮುಂದೆ ಇಂಪ್ಲಾಂಟ್, ಅಂದ್ರೆ ಸ್ಕ್ರೂ ಕೂರಿಸಿ ಹೊಸ ಹಲ್ಲು ಹಾಕುದಾದ್ರೆ ಆ ಗುಂಡಿಗೆ ಎಲುಬು ತುಂಬಿಸ್ಬೇಕು" ಎಂದರು. ಎಲ್ಲ ಅರ್ಥವಾದವನಂತೆ ತಲೆಯಾಡಿಸಿದೆ. ಎಲ್ಲಿಯ ಎಲುಬು ಎಂದು ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಅನ್ನುವುದು ಅವರಿಗೆ ಗೊತ್ತಾಗುತ್ತದಲ್ಲ!

ಬಿ.ಸಿ.ರೋಡಿಗೆ ಮರಳುವ ಬಸ್ಸಿನಲ್ಲಿ ನಾನೇ ತೀರ್ಮಾನಿಸಿದೆ: ನನ್ನದೇ ಸೊಂಟದಿಂದ ತೆಗೆಯುತ್ತಾರೆ. ಯಾರಿಗೋ ಕಾಲು ಮುರಿದಾಗ ಹಾಗೆ ಮಾಡಿದ್ದನ್ನು ಕೇಳಿದ್ದೆ.

"ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳಿ," ಎಂದಳು ಹೆಂಡತಿ.

"ನಂಗೆ ಗೊತ್ತುಂಟು."

ಹೇಳಿದ ದಿನ ಹೊಸ ಚಡ್ಡಿ ಹಾಕಿಕೊಂಡೆ. ಬ್ಯಾಗಿಗೆ ಲುಂಗಿ, ಬೆಡ್‌ಶೀಟು, ಫ್ಲಾಸ್ಕು ತುರುಕಿದೆ. ವಾಪಸು ಬರುವಾಗ ಹಿಡಿದುಕೊಳ್ಳಲು ಜನ ಬೇಕೆಂದು ಹೆಂಡತಿಯ ಅಣ್ಣನನ್ನೂ ಹೊರಡಿಸಿದೆ. ವೈದ್ಯೆಯ ಕುರ್ಚಿಯಲ್ಲಿ ಒರಗಿ, ಧೈರ್ಯ ತಂದುಕೊಂಡು ಕೇಳಿದೆ: "ಎಡ ಸೊಂಟವಾ ಡಾಕ್ಟ್ರೇ, ಬಲ ಸೊಂಟವಾ?"

ಸೂಜಿ ಹಿಡಿದ ಅವರ ಕೈ ಅಲ್ಲೇ ನಿಂತಿತು. "ಸೊಂಟ ಎಂತಕ್ಕೆ ಮಾರಾಯ್ರೆ? ನಾನು ಹಲ್ಲಿನ ಡಾಕ್ಟ್ರು!"

ಬಾಗಿಲ ಹೊರಗೆ ಭಾವನಿಗೆ ದೊಡ್ಡ ಕೆಮ್ಮು ಬಂತು. ಅದು ಕೆಮ್ಮಲ್ಲವೆಂದು ನನಗೂ ತಿಳಿಯಿತು.

ವೈದ್ಯೆ ಪುಟ್ಟ ಶೀಶೆಯೊಂದನ್ನು ತೋರಿಸಿದರು. ಒಳಗೆ ಚಿಟಿಕೆಯಷ್ಟು ಬಿಳಿ ಪುಡಿ, ಲ್ಯಾಬಿನಲ್ಲಿ ತಯಾರಿಸಿದ್ದು. ಅದರ ಆಸರೆಯಲ್ಲಿ ನನ್ನ ಎಲುಬು ತಾನೇ ಬೆಳೆದುಕೊಳ್ಳುತ್ತದಂತೆ. ಹಲ್ಲು ಕಿತ್ತು, ಪುಡಿ ತುಂಬಿ, ತೆಳು ಪೊರೆ ಹೊದಿಸಿ ಹೊಲಿಗೆ ಹಾಕಿದರು. ನೋವಾಗಲಿಲ್ಲ. ಅಷ್ಟೆಲ್ಲ ಧೈರ್ಯ ತಂದುಕೊಂಡದ್ದು ದಂಡವಾಯಿತೆಂದು ಬೇಸರವಾಯಿತು.

ಆಮೇಲೊಂದು ಬೆಳಿಗ್ಗೆ ನಾಲಗೆಗೆ ಏನೋ ಕಾಳು ಕಾಳಾಗಿ ಸಿಕ್ಕಿತು. ಎಲುಬು ಉದುರುತ್ತಿದೆ! ಸಿಕ್ಕಿದ್ದನ್ನು ಕಾಗದದಲ್ಲಿ ಕಟ್ಟಿ, ಮೂಡುಬಿದಿರೆಯ ಬಸ್ಸು ಹತ್ತಿದೆ. ಸಿದ್ದಕಟ್ಟೆ ದಾಟಿದರೂ ಕಿಸೆಯ ಮೇಲಿಂದ ಕೈ ತೆಗೆಯಲಿಲ್ಲ.

ವೈದ್ಯೆ ಕಾಗದ ಬಿಡಿಸಿ ಬೆರಳಿನಿಂದ ಒತ್ತಿದರು. ಕಾಳು ಚಪ್ಪಟೆಯಾಯಿತು.

"ಬೆಳಿಗ್ಗೆ ಎಂತ ತಿಂದದ್ದು?"

"ಮೆತ್ತಗಿನದ್ದೇ. ಉಪ್ಪಿಟ್ಟು."

"ಅದೇ ಇದು. ನಿಮ್ಮ ಎಲುಬು ಒಳಗೇ ಉಂಟು."

ಮಳೆಗಾಲ ಕಳೆದ ಮೇಲೆ ತೆಗೆದ ಎಕ್ಸ್-ರೇಯಲ್ಲಿ ಗುಂಡಿ ತುಂಬಿತ್ತು. ಇಂಪ್ಲಾಂಟಿನ ಸ್ಕ್ರೂ ಭದ್ರವಾಗಿ ಕೂತಿತು. ಕೆಲವು ತಿಂಗಳಲ್ಲಿ ಅದರ ಮೇಲೆ ಹಲ್ಲೂ ಬಂತು. "ಇನ್ನು ಧೈರ್ಯದಲ್ಲಿ ಜಗೀರಿ," ಎಂದರು ವೈದ್ಯೆ. ಆ ಸಂತೋಷಕ್ಕೆ ಹೆಂಡತಿ ಚಕ್ಕುಲಿ ಮಾಡಿದಳು. ಹೊಸ ಹಲ್ಲಿಗೆ ಏನಾದರೂ ಆದೀತೆಂದು ಆಚೆ ಬದಿಯಲ್ಲಿ ಜಗಿದು ತಿಂದೆ.