ಎಡಗೈಯ ಹೂವು ದೇವರಿಗೆ ಬೇಡವಂತೆ

“ಎಡಗೈಲಿ ಕೊಡ್ತೀಯಲ್ಲ ಮಾರಾಯ್ತಿ! ದೇವರ ಹೂವಲ್ವಾ ಇದು?”

ಕಳೆದ ಭಾನುವಾರ ಕಾರವಾರದ ಸಂತೆಯಲ್ಲಿ ಈ ಮಾತು ಕಿವಿಗೆ ಬಿದ್ದಾಗ ನಾನು ಸ್ವಲ್ಪ ಆಚೆ, ಬದನೆಕಾಯಿ ಆರಿಸುವವಳಂತೆ ನಟಿಸುತ್ತ ನಿಂತಿದ್ದೆ. ಹೂವಿನ ದಂಡೆ ಹಿಡಿದು ಕೈ ಚಾಚಿದ್ದವಳು ಬೀರಮ್ಮ. ಚಾಚಿದ ಕೈ ಹಾಗೇ ಇತ್ತು. ತೆಗೆದುಕೊಳ್ಳಬೇಕಾದ ಕೈ ಹಿಂದಕ್ಕೆ ಸರಿದಿತ್ತು.

ಅದು ಬೀರಮ್ಮನ ಬೋಣಿ. ಬರೀ ಆ ದಿನದ್ದಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವಳ ಮೊಟ್ಟಮೊದಲ ಬೋಣಿ.

ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಇಳಿಯಲಿಲ್ಲ. ಆಮೇಲೆ ಅನ್ನಿಸಿತು, ಯಾಕೆ ಇಳಿಯಬೇಕು?

ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ಕೆಲಸ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ: ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕಾಯಿಲೆಯಿಂದಲೋ ಅಪಘಾತದಿಂದಲೋ ಹುಟ್ಟಿನಿಂದಲೋ ದಿನನಿತ್ಯದ ಕೆಲಸ ಮಾಡಿಕೊಳ್ಳಲಾಗದವರಿಗೆ ಅದನ್ನು ಕಲಿಸುವವಳು. ಉಣ್ಣುವುದು, ಉಡುವುದು, ಬಸ್ಸು ಹತ್ತುವುದು, ದುಡಿಯುವುದು. (ಇಲ್ಲ, ಎಣ್ಣೆ ಹಚ್ಚಿ ತಿಕ್ಕುವುದಿಲ್ಲ. ವಾರಕ್ಕೊಬ್ಬರಾದರೂ ಕೇಳುತ್ತಾರೆ.)

ಮೊದಲು ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿದ್ದೆ. ಅಲ್ಲಿ ನನ್ನ ಮೇಜಿನ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಕೋನುಗಳು. ಮೀನುಗಾರ ಬಂದರೂ ಕೋನು, ದರ್ಜಿ ಬಂದರೂ ಕೋನು. ಒಂದರ ಮೇಲೊಂದು ಇಡು, ತೆಗಿ, ಮತ್ತೆ ಇಡು. “ಮನೆಗೆ ಹೋದ ಮೇಲೆ ಬಲೆ ಹೆಣೆಯೂಕೆ ಆಗ್ತದ್ಯಾ?” ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ಟೈಮಿಲ್ಲ, ಮುಂದಿನ ಪೇಷಂಟ್ ಬಾಗಿಲಲ್ಲಿ. ಜಗಳ ಆಡಿ ಆಡಿ ಸಾಕಾಗಿ ಊರಿಗೆ ಬಂದೆ. ಕಾರವಾರದಲ್ಲಿ ಹಳೆಯ ಮನೆಯೊಂದನ್ನು ಹಿಡಿದು ಸ್ವಂತ ಪ್ರಾಕ್ಟೀಸ್ ಶುರುಮಾಡಿದೆ. ಎದುರಿನ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದೆ. ಒಳಗೆ ಒಂದೂ ಕೋನಿಲ್ಲ. ಮೀನು ಕೊಯ್ಯುವ ಮೆಟ್ಟುಗತ್ತಿ ಇದೆ, ರುಬ್ಬುವ ಕಲ್ಲಿದೆ, ಬಲೆಯ ದಾರವಿದೆ, ಕೊಡಪಾನವಿದೆ. ಬಾಗಿಲ ಮೇಲೆ ಬೋರ್ಡು: ಇನ್‌ಕ್ಲೂಸಿವ್, ಹೋಲಿಸ್ಟಿಕ್. ಯಾರು ಬಂದರೂ ಬಾಗಿಲು ತೆರೆದಿದೆ, ಬರೀ ಕೈಯನ್ನಲ್ಲ ಇಡೀ ಮನುಷ್ಯರನ್ನು ನೋಡುತ್ತೇನೆ ಅಂತ ಅರ್ಥ.

ಒಬ್ಬರು ಬೋರ್ಡು ಓದಿ, “ಪಂಚಕರ್ಮ ಉಂಟಾ?” ಅಂದರು. ನನ್ನ ಚಿಕ್ಕಮ್ಮ ಒಳಗೆಲ್ಲ ಸುತ್ತಿ ನೋಡಿ, “ಅಷ್ಟೆಲ್ಲ ಓದಿ ಕಡೀಗೆ ಮೀನ ಕೊಯ್ಯೂದ ಕಲಸ್ತೀಯಾ ಗೋ?” ಅಂದಳು. ಹೌದು ಚಿಕ್ಕಮ್ಮ, ಅದನ್ನೇ ಕಲಿಸುತ್ತೇನೆ.

ಬೀರಮ್ಮ ಅಂಕೋಲೆಯಿಂದ ಒಳಗಿನ ಹಳ್ಳಿಯವಳು. ಅಬ್ಬಲಿಗೆ ಹೂ ಬೆಳೆದು, ತಾನೇ ದಂಡೆ ಕಟ್ಟಿ, ಭಾನುವಾರ ಬಂತೆಂದರೆ ಬಸ್ಸು ಹತ್ತಿ ಕಾರವಾರದ ಸಂತೆಗೆ ಬರುತ್ತಿದ್ದವಳು. (ಹೆಸರು ಬರೆಯಲೇ ಎಂದು ಕೇಳಿದ್ದಕ್ಕೆ, “ಬರೀರಿ, ನನ್ ಹೆಸರೇನ ಕದ್ದದ್ದಾ?” ಎಂದು ಜೋರು ಮಾಡಿದಳು.) ಲಕ್ವ ಹೊಡೆಯಿತು. ಆಸ್ಪತ್ರೆಯವರು ಜೀವ ಉಳಿಸಿದರು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಕಳಿಸುವಾಗ ಒಂದು ಮಾತು ಹೇಳಿದರು, “ರೆಸ್ಟ್ ಮಾಡ್ಲಿ.” ಮನೆಯವರು ಅದನ್ನು ವೇದವಾಕ್ಯ ಮಾಡಿಕೊಂಡರು. ಮಗ ಹೊಸ ಮಂಚ ತಂದ, ಎದುರಿಗೆ ಟೀವಿ ಇಟ್ಟ. ಸೊಸೆ ಮಂಗಲಾ ಹೊತ್ತುಹೊತ್ತಿಗೆ ಚಮಚದಲ್ಲಿ ಉಣಿಸಿದಳು. ಎಲ್ಲ ಪ್ರೀತಿಯಿಂದಲೇ. ಪ್ರೀತಿಯಿಂದಲೇ ಅವಳನ್ನು ಮೂಲೆಗೆ ಹಾಕಿದರು.

ಮೊದಲ ಸಲ ಹೋದಾಗ ನಾನು ಕೇಳಿದ್ದು ಇಷ್ಟೇ: ಎಡಗೈ ನೆಟ್ಟಗಿದೆಯಲ್ಲ, ಅದರಲ್ಲಿ ಉಣ್ಣಬಹುದಲ್ಲ? ನಾನೇನೋ ಹೇಸಿಗೆ ಮಾತಾಡಿದೆ ಎಂಬಂತೆ ಎಲ್ಲರೂ ನೋಡಿದರು. ಎಲ್ಲರಿಗಿಂತ ಜೋರಾಗಿ ಬೀರಮ್ಮನೇ ಮುಖ ಸಿಂಡರಿಸಿದಳು.

“ಶೀ! ಆ ಕೈಲಿ ಉಂಬೂದಾ? ಅದ್ರ ಕೆಲ್ಸ ಬೇರೆ ಅದೆ, ಅಕ್ಕೋರೆ.”

(ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರೆ. ಕಲಿಸುವವಳು ಅಂತ ನನಗೂ ಅದೇ ಹೆಸರು ಬಿತ್ತು.)

ಮಂಗಲಾಗೆ ಹೇಳಿದೆ, ನನಗೂ ಒಂದು ತಾಟು ಹಾಕು ಅಂತ. ಬೀರಮ್ಮನ ಪಕ್ಕದಲ್ಲೇ ಕೂತು ಬಂಗಡೆ ಸಾರು, ಅನ್ನ ಎಡಗೈಯಲ್ಲಿ ಕಲಸಿ ಉಂಡೆ. ಉಂಡೆ ಅನ್ನುವುದು ದೊಡ್ಡ ಮಾತು. ಅರ್ಧ ಬಾಯಿಗೆ, ಅರ್ಧ ಚೂಡಿದಾರಕ್ಕೆ. ಮುಳ್ಳು ಬಿಡಿಸಲು ಬರದೆ ಒದ್ದಾಡುವುದನ್ನು ನೋಡಿ ಬೀರಮ್ಮನಿಗೆ ನಗು ಬಂತು. “ಬಿಡಿ ಮಾರಾಯ್ರೆ, ನಿಮ್ಗೆ ಬರೂದಿಲ್ಲ” ಎಂದು ನನ್ನ ತಾಟಿಗೆ ತಾನೇ ಕೈ ಹಾಕಿ ಮುಳ್ಳು ಬಿಡಿಸಿದಳು. ಎಡಗೈಯಲ್ಲಿ! ಆವತ್ತಿನಿಂದ ಚಮಚ ಮನೆಯ ಕಪಾಟು ಸೇರಿತು.

ಅಲ್ಲಿಂದ ಹೂವಿಗೆ ಬಂದೆವು. ಬಾಳೆನಾರಿನ ಒಂದು ತುದಿ ಕಾಲಬೆರಳಿಗೆ. ಅವಳ ಬಲಗೈ ಬೆರಳುಗಳು ಬಿಗಿದು ಮಡಚಿಕೊಂಡಿವೆ, ಬಿಚ್ಚುವುದಿಲ್ಲ. ಬಿಚ್ಚದಿದ್ದರೆ ಬೇಡ, ನಾರನ್ನು ಅವುಗಳ ನಡುವೆ ಸಿಕ್ಕಿಸಿದರೆ ಇಕ್ಕಳದ ಹಾಗೆ ಹಿಡಿದುಕೊಳ್ಳುತ್ತವೆ. ಹೂ ಜೋಡಿಸಿ ಗಂಟು ಹಾಕುವ ಕೆಲಸ ಎಡಗೈಗೆ. ಹೇಳಿದಷ್ಟು ಸುಲಭವಲ್ಲ. ಹೂ ಉದುರಿತು, ನಾರು ಹರಿಯಿತು. ನನಗೆ ಬೈದಳು, ದೇವರಿಗೆ ಬೈದಳು, ಅತ್ತಳು, ಮತ್ತೆ ಕೂತಳು. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿಗೆ ಬುಟ್ಟಿ ಸಮೇತ ಹತ್ತಿ ಇಳಿಯುವುದನ್ನೂ ಕಲಿತೆವು. “ಬರೂದಾದ್ರೆ ಬನ್ನಿ, ಇಲ್ದಿದ್ರೆ ಇಳೀರಿ” ಎಂದ ಕಂಡಕ್ಟರನಿಗೆ ಬೀರಮ್ಮ, “ಹತ್ತೂದ ಕಲೀತೆ ಇದ್ದೆ. ನಿನ್ ಬಸ್ಸೇನ ಸವೀತದ್ಯಾ?” ಅಂದಳು. ಆ ದಿನ ನನಗೆ ಗ್ಯಾರಂಟಿಯಾಯಿತು, ಈಕೆ ಸಂತೆಗೆ ರೆಡಿ.

ಸಂತೆ ರೆಡಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳ ಹಳೆಯ ಜಾಗದಲ್ಲೇ ಕೂತಳು. ಹೊಸ ಸೀರೆ. ಬುಟ್ಟಿಯ ಮೇಲೆ ಒದ್ದೆ ಬಾಳೆಲೆ. ಮೊದಲ ಗಿರಾಕಿ ಬಂದರು, ಆರಿಸಿದರು, ಮೊಳ ಹಾಕಿಸಿದರು. ಕೊಡುವ ಹೊತ್ತಿಗೆ ಆ ಮಾತು ಅಂದರು. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು.

ಅವರನ್ನು ವಿದ್ಯಾ ಎಂದು ಕರೆಯೋಣ. (ಇದು ಬದಲಿಸಿದ ಹೆಸರು. ಗೌರವದಿಂದಲ್ಲ. ಅವರ ಮಗ ನನ್ನ ಹತ್ತಿರ ಬರುತ್ತಾನೆ, ಅವನಿಗೋಸ್ಕರ.) ಹುಡುಗನಿಗೆ ಆಟಿಸಂ ಇದೆ. ಸ್ವಲ್ಪ ದಿನದ ಹಿಂದೆ ಶಾಲೆಯೊಂದರಲ್ಲಿ ಅವನಿಗೆ ಸೀಟು ಇಲ್ಲ ಅಂದರು. ಅಲ್ಲಿಯ ಹೆಡ್‌ಮಿಸ್ ಹೇಳಿದ್ದೇನು ಗೊತ್ತೇ? “ನಮಗೇನೂ ಇಲ್ಲ, ಬೇರೆ ಪೇರೆಂಟ್ಸ್ ಒಪ್ಪೂದಿಲ್ಲ.” ಆ ದಿನ ವಿದ್ಯಾ ನನ್ನ ಎದುರು ಕೂತು ಬಿಕ್ಕಿಬಿಕ್ಕಿ ಅತ್ತಿದ್ದರು. “ಜನ ಯಾಕೆ ಹಿಂಗೆ ಮೇಡಂ?” ಅಂದಿದ್ದರು. ಅವರ ಜೊತೆ ನನ್ನ ಕಣ್ಣಲ್ಲೂ ನೀರು ಬಂದಿತ್ತು.

ಬದನೆಕಾಯಿ ಬಿಟ್ಟು ಸೀದಾ ಹೋಗಿ ಎದುರಿಗೆ ನಿಂತೆ. ಅವರಿಗೆ ಮುಖ ಎಲ್ಲಿಡಬೇಕು ತಿಳಿಯಲಿಲ್ಲ.

“ಅಯ್ಯೋ ಮೇಡಂ, ನೀವಾ! ಹಂಗಲ್ಲ... ಇವತ್ತು ಮನೇಲಿ ಪೂಜೆ ಅದೆ. ನಮಗೇನೂ ಇಲ್ಲ ಮೇಡಂ, ಅತ್ತೆಯವ್ರು ಒಪ್ಪೂದಿಲ್ಲ.”

ನಮಗೇನೂ ಇಲ್ಲ! ಮೈಯೆಲ್ಲ ಉರಿದುಹೋಯಿತು.

“ಪಕ್ಕದ ಹೂವಿನವ್ಳ ಹತ್ರ ತಗೊಳ್ತೀರಲ್ಲ, ಅವ್ಳು ದಂಡೆ ಒಂದೇ ಕೈಲಿ ಕಟ್ಟಿದ್ದಾಳಾ? ಅವ್ಳ ಎಡಗೈ ಹೂ ಮುಟ್ಟಲಿಲ್ವಾ? ನಿಮ್ಮತ್ತೆ ಮನೇಲಿ ಹೂ ಕಟ್ಟುವಾಗ ಎಡಗೈ ಎಲ್ಲಿಟ್ಕೊಳ್ತಾರೆ, ಬೆನ್ನಿನ ಹಿಂದಾ?”

ಕೂಗಿಯೇ ಕೇಳಿದೆ. ಜನ ಸೇರಿದರು. ವಿದ್ಯಾ ಮುಂದೆ ಹೋಗಿ ಬೇರೆಯವಳ ಹತ್ತಿರ ಹೂ ತೆಗೆದುಕೊಂಡರು. ಸೇರಿದ್ದವರಲ್ಲಿ ಒಬ್ಬರಾದರೂ ಬೀರಮ್ಮನ ಹೂ ಕೊಂಡರೇ? ಇಲ್ಲ. “ಪಾಪ” ಅಂದರು, “ಕೊಡೂದಾದ್ರೆ ಬಲಗೈನೂ ಮುಟ್ಟಿಸಿ ಕೊಡ್ಬೋದಿತ್ತು” ಅಂದರು, ಹೋದರು.

ನನ್ನ ಸೆರಗು ಹಿಡಿದು ಜಗ್ಗಲು ಬೀರಮ್ಮನಿಗೆ ಕೈ ಬೇಕಿತ್ತಲ್ಲ, ಅದನ್ನಾಗಲೇ ಸೀರೆಯೊಳಗೆ ಮುಚ್ಚಿಟ್ಟುಕೊಂಡಿದ್ದಳು. “ಕೂಗಬೇಡಿ ಅಕ್ಕೋರೆ, ಆಚೀಚಿನವ್ರ ಗಿರಾಕೀನೂ ಹೋಗ್ತ್ರು” ಎಂದಷ್ಟೇ ಹೇಳಿದಳು. ಮಧ್ಯಾಹ್ನದ ಬಸ್ಸಿಗೆ ಬುಟ್ಟಿ ತುಂಬಿದ ಹಾಗೇ ವಾಪಸ್ ಹೋಯಿತು.

ಈ ಊರಲ್ಲಿ ಯಾರಿಗೂ ಏನೂ ಇಲ್ಲ ನೋಡಿ! ಶಾಲೆಯವರಿಗೆ ಏನೂ ಇಲ್ಲ, ಬೇರೆ ಪೇರೆಂಟ್ಸ್‌ಗೆ ಇದೆ. ವಿದ್ಯಾಗೆ ಏನೂ ಇಲ್ಲ, ಅತ್ತೆಗೆ ಇದೆ. ಅತ್ತೆಯನ್ನು ಕೇಳಿ, ಅವರಿಗೂ ಏನೂ ಇರುವುದಿಲ್ಲ, ದೇವರಿಗೆ ಇರುತ್ತದೆ. ದೇವರು ಬಾಯಿ ಬಿಡುವುದಿಲ್ಲವಲ್ಲ, ಅದಕ್ಕೇ ಎಲ್ಲವನ್ನೂ ಅವನ ತಲೆಗೆ ಕಟ್ಟುತ್ತೀರಿ. ಇಷ್ಟು ಒಳ್ಳೆಯವರೇ ತುಂಬಿರುವ ಊರಲ್ಲಿ ಒಬ್ಬ ಹೆಂಗಸಿಗೆ ಒಂದು ಮೊಳ ಹೂ ಮಾರಲು ಆಗುವುದಿಲ್ಲ ಅಂದರೆ ಏನು ಹೇಳಬೇಕು?

ಮಂಗಳವಾರ ವಿದ್ಯಾ ಮಗನನ್ನು ಕರೆದುಕೊಂಡು ಬಂದರು. ವಾಪಸ್ ಕಳಿಸಬೇಕು ಅನ್ನಿಸಿದ್ದು ಸುಳ್ಳಲ್ಲ. ಆದರೆ ಬೋರ್ಡು ಬರೆಸಿ ಹಾಕಿದವಳು ನಾನೇ. ಹುಡುಗನದೇನು ತಪ್ಪು? ಹೋಗುವಾಗ ಬಾಗಿಲಲ್ಲಿ ನಿಂತು, “ಭಾನುವಾರದ್ದು ಮನಸ್ಸಿಗೆ ಹಚ್ಕೊಬೇಡಿ ಮೇಡಂ. ಆ ಶಾಲೆಯವ್ರ ಹತ್ರ ನೀವೊಂದ್ಸಲ ಮಾತಾಡ್ತೀರಾ?” ಎಂದು ಕೇಳಿದರು.

ಮಾತಾಡುತ್ತೇನೆ ಅಂದೆ. “ನೀವೂ ಬೀರಮ್ಮನ ಹತ್ರ ಒಂದ್ಸಲ ಮಾತಾಡಿ” ಅಂತಲೂ ಅಂದೆ. “ನೋಡ್ತೆ ಮೇಡಂ” ಎಂದು ಚಪ್ಪಲಿ ಮೆಟ್ಟಿದರು.

ಗುರುವಾರ ಬೀರಮ್ಮನ ಮನೆಗೆ ಹೋದೆ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಂಗಲಾ ಪಕ್ಕದಲ್ಲಿ ಕೂತು ಗಂಜಿ ಉಣಿಸಲು ನೋಡುತ್ತಿದ್ದಳು. “ಆ ಕೈ ಎತ್ತೂದೇ ಇಲ್ಲ ಅಂತಾರೆ, ಎಂತ ಮಾಡೂದು?” ಎಂದು ಕಣ್ಣೊರೆಸಿಕೊಂಡಳು. ನಾನು ಬೈದೆ. ರಮಿಸಿದೆ. ಬೀರಮ್ಮ ಒಮ್ಮೆಲೇ ತಿರುಗಿದಳು.

“ಮನೇಲಿ ಮಲಕಂಡಾಗ ನಂಗೆ ಬರೀ ಕೈ ಇಲ್ಲಾಗಿತ್ತು. ನೀವು ಸಂತೀಗೆ ಕರ್ಕಂಡ್ ಹೋದ್ರಿ, ನಾಕ್ ಜನ್ರ ಎದ್ರಿಗೆ ಮರ್ಯಾದೀನೂ ಹೋಯ್ತು.”

ಅವಳು ಹೇಳಿದ್ದು ನಿಜ. ಎದ್ದು ಹೊರಡುವಾಗ ಹಿಂದಿನಿಂದ ಕರೆದಳು.

“ಇನ್ನೊಂದೇ ಸಲ ಬತ್ತೆ. ಮತ್ತೆ ಹಂಗೇ ಆಯ್ತು ಅಂದ್ರೆ ನೀವು ನಮ್ಮನೆ ಮೆಟ್ಲ ಹತ್ತಬೇಡಿ, ಅಕ್ಕೋರೆ.”

ಈ ಅಂಕಣ ನಿಮ್ಮ ಕೈಗೆ ಸಿಗುವುದು ಶನಿವಾರ. ನಾಳೆ ಬೆಳಿಗ್ಗೆ ಬೀರಮ್ಮ ಸಂತೆಯಲ್ಲಿ ಕೂತಿರುತ್ತಾಳೆ, ಪಕ್ಕದಲ್ಲಿ ನಾನೂ ಇರುತ್ತೇನೆ. ಕೂಗುವುದಿಲ್ಲ, ಮಾತು ಕೊಟ್ಟಿದ್ದೇನೆ. ಅವಳು ಹೂವನ್ನು ಎಡಗೈಯಲ್ಲೇ ಕೊಡುತ್ತಾಳೆ, ಅವಳಿಗಿರುವುದು ಅದೊಂದೇ. ನಿಮಗೆ ಎರಡಿವೆ, ಒಂದನ್ನಾದರೂ ಚಾಚುತ್ತೀರಾ?