ಫೋನಕ್ಕ ಸಾಹೇಬರ ಕರೆ ಕಟ್ ಮಾಡಿದ್ದು

ನನ್ನ ಹೆಂಡತಿಯ ತಂಗಿ ಹುಟ್ಟಿದಾರಭ್ಯ ಯಾರ ಕರೆಯನ್ನೂ ಅರ್ಧಕ್ಕೆ ಕಟ್ ಮಾಡಿದವಳಲ್ಲ. ಆಕಾಶವೇ ಕಳಚಿ ಬಿದ್ದರೂ ಅದಕ್ಕೆ "ಒಂದ್ನಿಮಿಷ ಲೈನಲ್ಲಿರಿ" ಅಂದಾಳು. ಪಿಂಚಣಿ ಕಚೇರಿಯ ಸಹಾಯವಾಣಿಯಲ್ಲಿ ಕೂತು ಕೂತು ಊರಿಗೆಲ್ಲ ಫೋನಕ್ಕನಾದವಳು. ಆ ಕಡೆಯ ಅಜ್ಜಿ ಕನ್ನಡಕ ಹುಡುಕಲು ಹೋದರೆ ಇವಳು ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಾಯುತ್ತಾಳೆ. ಹಾಗೆ ಕಾದೂ ಕಾದೂ ಕತ್ತು ಒಂದು ಕಡೆಗೆ ಎಷ್ಟು ವಾಲಿದೆಯೆಂದರೆ, ಮನೆಯ ಕನ್ನಡಿಯನ್ನೂ ಓರೆಯಾಗಿಯೇ ನೇತುಹಾಕಿದ್ದೇವೆ.

ಹೊಸದಾಗಿ ಬಂದ ಸಾಹೇಬರ ಕಣ್ಣಿಗೆ ಈ ಕಾಯುವಿಕೆ ಬಿತ್ತು.

"ಎಲ್ಲಾ ವೆಬ್‌ಸೈಟಲ್ಲೇ ಇದೆ. ಫೋನಿಗೆ ಸುಮ್ನೆ ಸರ್ಕಾರದ ಖರ್ಚು. ಇನ್ಮೇಲೆ 'ವೆಬ್‌ಸೈಟ್ ನೋಡ್ಕೊಳ್ಳಿ' ಅಂತ ಹೇಳಿ ಇಟ್ಬಿಡಮ್ಮ. ತಿಂಗಳ ಕೊನೆಗೆ ಈ ಲೈನೇ ತೆಗೆಸ್ತೀನಿ."

"ತೆಗೆಸಿದ್ರೆ ಅವರೆಲ್ಲ ಬಸ್ ಹತ್ತಿ ಇಲ್ಲಿಗೇ ಬರ್ತಾರೆ ಸಾರ್."

"ಯಾಕೆ ಬರ್ತಾರೆ? ಮಗೂನೂ ಮಾಡ್ಬಹುದಾದ ಕೆಲಸ! ಯಾರನ್ನಾದ್ರೂ ಮೇಲೆ ನನ್ನ ರೂಮಿಗೆ ಕಳಿಸು, ವೆಬ್‌ಸೈಟಲ್ಲೇ ಟೀ ಆರೋದ್ರೊಳಗೆ ಮುಗಿಸ್ತೀನಿ. ಆಗ್ಲಿಲ್ವಾ, ನಿನ್ನ ಫೋನು ಇರ್ಲಿ."

ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಇನ್ನೂ ಸತ್ತಿಲ್ಲ ಎಂದು ವರ್ಷಕ್ಕೊಮ್ಮೆ ಸರ್ಕಾರವನ್ನು ಒಪ್ಪಿಸಬೇಕಲ್ಲ, ಆ ಕೆಲಸಕ್ಕೆ ಬಂದಿದ್ದೆ. ಫೋನಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಭಾವ, ನೀವು ಹೋಗಿ. ಬೇರೇನೂ ಮಾಡ್ಬೇಡಿ, ಯಾವಾಗಲೂ ಇರೋ ಹಾಗೇ ಇರಿ."

ಮೇಲೆ ಹೋಗಿ ಹಾಗೇ ಇದ್ದೆ. ಸಾಹೇಬರು ಕಂಪ್ಯೂಟರಿನಲ್ಲಿ ವೆಬ್‌ಸೈಟ್ ತೆರೆದು ಗುಂಡಿ ಒತ್ತಿದರು, ನನ್ನ ಮೊಬೈಲಿಗೆ ಒಟಿಪಿ ಬಂತು. ಮೊಬೈಲು ಒಳಜೇಬಿನಲ್ಲಿ, ಕನ್ನಡಕ ಚೀಲದಲ್ಲಿ, ಚೀಲ ಕೆಳಗಿನ ಬೆಂಚಿನ ಮೇಲೆ. ತಂದು ಓದುವಷ್ಟರಲ್ಲಿ ಪರದೆ 'ಸಮಯ ಮೀರಿದೆ' ಎಂದು ನಮ್ಮಿಬ್ಬರನ್ನೂ ಹೊರಗೆ ದಬ್ಬಿತು. ಮತ್ತೆ ಮೊದಲಿಂದ. ಈ ಸಲ ಅಂಕಿ ತಪ್ಪು ಓದಿದೆ. ಮತ್ತೆ ಹೊರಗೆ. ಟೀ ಆರಿ, ಕೆನೆಗಟ್ಟಿ, ಕೆನೆಯ ಮೇಲೆ ನೊಣವೊಂದು ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿತು. ಸಾಹೇಬರು ಬೆವರೊರೆಸಿಕೊಂಡು ಕೆಳಗೆ ಫೋನ್ ಮಾಡಿದರು.

"ಏನಮ್ಮಾ, ಇದು ಪದೇ ಪದೇ ಹೊರಗೆ ಹಾಕ್ತಿದೆ, ಏನ್ ಮಾ..."

"ವೆಬ್‌ಸೈಟ್ ನೋಡ್ಕೊಳ್ಳಿ!"

ಟಪ್ಪನೆ ಇಟ್ಟ ಸದ್ದು ನನಗೂ ಕೇಳಿಸಿತು. ಮೊದಲ ಸಾಲಿನಲ್ಲಿ ಹೇಳಿದ್ದನ್ನು ವಾಪಸ್ ತಗೊಂಡಿದ್ದೇನೆ.

ಸಾಹೇಬರು ಧಡಧಡ ಮೆಟ್ಟಿಲಿಳಿದರು, ನಾನು ಹಿಂದೆ. "ನನ್ನ ಫೋನನ್ನೇ ಕಟ್ ಮಾಡ್ತೀಯಾ?"

ಫೋನಕ್ಕ ಆಗಲೇ ಇನ್ಯಾವುದೋ ಅಜ್ಜಿಯ ಕನ್ನಡಕಕ್ಕೆ ಕಾಯುತ್ತಿದ್ದಳು. ಕತ್ತು ನೆಟ್ಟಗೆ ಮಾಡಲೂ ಇಲ್ಲ.

"ಖರ್ಚು ಉಳಿಸ್ದೆ ಸಾರ್. ಮೆಟ್ಟಿಲಿಳಿದಿದ್ದು ನಿಮ್ಮ ಸ್ವಂತ ಮಂಡಿ ತಾನೇ? ಅದು ಸರ್ಕಾರದ ಲೆಕ್ಕಕ್ಕೆ ಬರಲ್ಲ."